ಮೆತ್ತನೆ ಕಬ್ಬಿಣದ ಪ್ರಕರಣ

ಪ್ರಕರಣ ಸಣ್ಣದು. ಶ್ರೀರಂಗಪಟ್ಟಣದ ಕೋಟೆ ದಾಟಿ ಗಂಜಾಂ ಕಡೆ ಹೋಗುವ ದಾರಿಯಲ್ಲಿ, ದರಿಯಾ ದೌಲತ್ ಬಾಗಿನ ಹೊರಗೆ, ಎಳನೀರಿನ ಗಾಡಿಯ ಪಕ್ಕ ನಿಂತು ಒಬ್ಬರು ತಮ್ಮ ನೆಂಟರಿಗೆ ಹೇಳುತ್ತಿದ್ದರು: “ಟಿಪ್ಪು ರಾಕೆಟ್ ಅಂದ್ರೆ ಸುಮ್ನೆ ಅಲ್ಲ ಭಾವ. ಆ ಕಾಲಕ್ಕೇ ಉಕ್ಕಿನೊಳಗೆ ನ್ಯಾನೋ ಟೆಕ್ನಾಲಜಿ ಇಕ್ಕಿದ್ರು. ಫಾರಿನ್ನೋರೇ ಒಪ್ಕೊಂಡವ್ರೆ.” ಭಾವ ತಲೆದೂಗಿದರು. ಯಾರಿಗೂ ಕಾಸಿನ ನಷ್ಟವಿಲ್ಲ. ಇಂಥ ಮಾತನ್ನು ಹಿಡಿದು ಜಗ್ಗಾಡುವುದೇ ಸಣ್ಣತನ ಅನ್ನುವವರಿದ್ದಾರೆ. ಹಸಿ ಸುಳ್ಳಾಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಇದು ಎರಡು ನಿಜಗಳನ್ನು ಬೆಸೆದು ಮಾಡಿದ ಸುಳ್ಳು. ಆ ಬೆಸುಗೆಯ ಭರದಲ್ಲಿ ಕೆಲಸಗಾರನಿಗೆ ಸಲ್ಲಬೇಕಾದ ಮರ್ಯಾದೆ ಕೈಬಿಟ್ಟುಹೋಗಿದೆ.

ಒಂದನೇ ನಿಜ ಖಡ್ಗದ್ದು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ವರದಿ ಬರೆದರು. ಸ್ವಿಟ್ಜರ್ಲೆಂಡಿನ ಬರ್ನ್ ವಸ್ತುಸಂಗ್ರಹಾಲಯದ, 17ನೇ ಶತಮಾನದ ಡಮಾಸ್ಕಸ್ ಕತ್ತಿಯೊಂದರ ಚೂರಿನಲ್ಲಿ ಕಾರ್ಬನ್ ನ್ಯಾನೋ ಕೊಳವೆಗಳು ಕಂಡವೆಂದು. ಅಂಥ ಕತ್ತಿಗಳಿಗೆ ದಕ್ಷಿಣ ಭಾರತದ ಮೂಸೆ ಉಕ್ಕು ಹೋಗುತ್ತಿದ್ದದ್ದು ಹೌದು. ಆದರೆ ಆ ಕತ್ತಿ ಟಿಪ್ಪುವಿನದಲ್ಲ, ರಾಕೆಟ್ಟಂತೂ ಅಲ್ಲವೇ ಅಲ್ಲ.

ಎರಡನೇ ನಿಜ ರಾಕೆಟ್ಟಿನದು, ಇದಕ್ಕೆ ಸಾಕ್ಷಿ ಹೇರಳ. ಈ ರಾಕೆಟ್ಟುಗಳು ಹಾರಿದ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕಾಳಗ ದರಿಯಾ ದೌಲತ್ತಿನ ಗೋಡೆಯ ಮೇಲೇ ಇದೆ, ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುವುದೂ ಸೇರಿ. ಅಮೆರಿಕದ ನಾಸಾ ಕೇಂದ್ರವೊಂದರಲ್ಲಿ ಈ ರಾಕೆಟ್ಟುಗಳ ಚಿತ್ರ ಕಂಡದ್ದನ್ನು ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್ಟಿನ ಕೊಳವೆಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ಅಲ್ಲಿ ಉಳಿದವನ್ನು ಅಳೆದು ನೋಡಿ 1985ರಲ್ಲಿ ಬರೆದವರು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ. ದೊಡ್ಡ ಕೊಳವೆ ಸುಮಾರು 25 ಸೆಂಟಿಮೀಟರ್ ಉದ್ದ. ಬಡಿದು ಸುತ್ತಿದ ಮೆತ್ತನೆ ಕಬ್ಬಿಣ.

ಮೆತ್ತನೆ ಅನ್ನುವಲ್ಲೇ ಪ್ರಕರಣದ ಗಂಟಿದೆ. ಯುರೋಪಿನ ಬಾಣಗಳ, ಅಂದರೆ ರಾಕೆಟ್ಟುಗಳ, ಕೊಳವೆ ಕಾಗದ, ರಟ್ಟುಗಳದು. ಮದ್ದನ್ನು ಒತ್ತಿ ತುಂಬಿದರೆ, ಒಳಗಿನ ಒತ್ತಡ ಏರಿದರೆ, ಒಡೆದುಹೋಗುತ್ತಿತ್ತು. ಇಂಗ್ಲೆಂಡಿನ ರಾಕೆಟ್ ತಯಾರಕ ವಿಲಿಯಂ ಕಾಂಗ್ರೀವ್ ಲಂಡನ್ನಿನಲ್ಲಿ ಕೊಂಡ ದೊಡ್ಡ ಬಾಣಗಳು 600 ಗಜ ದಾಟಲಿಲ್ಲ. ಮೈಸೂರಿನವು ಸಾವಿರ ಗಜದ ಹತ್ತಿರ ಹೋಗುತ್ತಿದ್ದವು. ಅದೇ ಕೊಳವೆಯನ್ನು ಕತ್ತಿಯ ಉಕ್ಕಿನಿಂದ ಮಾಡಿದ್ದರೆ? ಮೂಸೆ ಉಕ್ಕಿನಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲ. ಅಂಚು ನಿಲ್ಲಲು ಅದು ಬೇಕು. ಕೊಳವೆಗೆ ಬೇಕಾದದ್ದು ಒತ್ತಡ ಬಂದಾಗ ಒಂದಿಷ್ಟು ಹಿಗ್ಗಿ ತಾಳಿಕೊಳ್ಳುವ ಗುಣ. ಗಡಸು ಉಕ್ಕು ಹಿಗ್ಗದೆ ಬಿರಿಯುತ್ತದೆ, ಹಾರಿಸಿದವನ ಮುಖದ ಮೇಲೆ. ಗಾಡಿಯ ಪಕ್ಕದ ಹೊಗಳಿಕೆ ನಿಜವೇ ಆಗಿದ್ದರೆ ಮೈಸೂರಿನ ಬಾಣಗಾರರು ಶತ್ರುವಿಗಿಂತ ಮೊದಲು ತಾವೇ ಸಾಯುತ್ತಿದ್ದರು.

ಹಿಗ್ಗುವುದೆಂದರೆ ಒಳಗೆ ಏನು? ಕಬ್ಬಿಣ ಸಣ್ಣ ಸಣ್ಣ ಹರಳುಗಳ ಒಟ್ಟು, ಹರಳೊಳಗೆ ಪರಮಾಣುಗಳು ಸಾಲು ಹಿಡಿದಿವೆ. ಒಂದು ಸಾಲು ಇನ್ನೊಂದರ ಮೇಲೆ ಒಟ್ಟಿಗೇ ಜಾರಬೇಕಾದರೆ ಎಷ್ಟು ಬಲ ಬೇಕೆಂದು 1926ರಲ್ಲಿ ಯಾಕೊವ್ ಫ್ರೆಂಕೆಲ್ ಲೆಕ್ಕ ಹಾಕಿದಾಗ, ನಿಜವಾದ ಲೋಹಗಳು ಅದರ ನೂರನೇ, ಸಾವಿರನೇ ಪಾಲಿಗೇ ಬಾಗುವುದು ಕಂಡಿತು. ಉತ್ತರ ಕೊಟ್ಟವರು 1934ರಲ್ಲಿ ಟೇಲರ್, ಒರೊವನ್, ಪೊಲಾನ್ಯಿ, ಮೂವರೂ ಬೇರೆಬೇರೆಯಾಗಿ. ಸಾಲಿನಲ್ಲಿ ಎಡವಟ್ಟುಗಳಿರುತ್ತವೆ, ಡಿಸ್‌ಲೊಕೇಶನ್ ಎನ್ನುತ್ತಾರೆ. ಕಂಬಳಿಹುಳು ಇಡೀ ಮೈಯನ್ನು ಒಮ್ಮೆಗೇ ತಳ್ಳದೆ ಉಬ್ಬೊಂದನ್ನು ಹಿಂದಿನಿಂದ ಮುಂದಕ್ಕೆ ಸಾಗಿಸಿ ಮುನ್ನಡೆಯುವ ಹಾಗೆ, ಈ ಎಡವಟ್ಟು ಸರಿದಂತೆ ಲೋಹ ಬಾಗುತ್ತದೆ. ಹೆಚ್ಚುಕಡಿಮೆ ಎಡವಟ್ಟೇ ಇಲ್ಲದ ಲೋಹವೂ ಉಂಟು, ಆದರೆ ಕೂದಲೆಳೆಗಿಂತ ಸಣ್ಣದು: 1956ರಲ್ಲಿ ಬ್ರೆನ್ನರ್ ಎಂಬವರು ಜಗ್ಗಿ ನೋಡಿದ ಮೈಕ್ರಾನು ಗಾತ್ರದ ಕಬ್ಬಿಣದ ಎಳೆ ಸುಮಾರು 13 ಗಿಗಾಪಾಸ್ಕಲ್ ತಾಳಿತು, ಮನೆ ಕಟ್ಟುವ ಮೆದು ಉಕ್ಕು ಬಾಗಲು ತೊಡಗುವ ಬಲದ ಐವತ್ತು ಪಟ್ಟು.

ಹರಳಿನ ಎಲ್ಲೆಗೆ ಬಂದಾಗ ಎಡವಟ್ಟಿನ ನಡಿಗೆ ನಿಲ್ಲುತ್ತದೆ. ಹರಳು ಸಣ್ಣದಾದಷ್ಟೂ ಎಲ್ಲೆ ಹೆಚ್ಚು, ಲೋಹ ಗಟ್ಟಿ. 1950ರ ದಶಕದ ಮೊದಲಲ್ಲಿ ಹಾಲ್ ಮತ್ತು ಪೆಚ್ ತೋರಿಸಿದ ಈ ನಿಯಮ ಪಠ್ಯಪುಸ್ತಕದಲ್ಲಿ ಭದ್ರವಾಗಿ ಕೂತಿತು. 1989ರಲ್ಲಿ ಅತುಲ್ ಚೋಕ್ಷಿ ಮತ್ತು ಜೊತೆಗಾರರು (ಚೋಕ್ಷಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು) ತಾಮ್ರ, ಪಲೇಡಿಯಂಗಳ ಹರಳನ್ನು ಕೆಲವೇ ನ್ಯಾನೋಮೀಟರಿಗೆ ಇಳಿಸಿ ನೋಡಿದರೆ ನಿಯಮ ತಲೆಕೆಳಗಾಗಿತ್ತು. ಹರಳು ಕಿರಿದಾದಂತೆ ಲೋಹ ಮೆತ್ತಗಾಗುತ್ತಿತ್ತು. ನಂಬಲಿಲ್ಲ ಜನ. ಮಾದರಿಯೊಳಗೆ ತೂತುಗಳಿದ್ದಾವು ಎಂದರು, ಕಾಯಿಸಿದ್ದರಿಂದ ಹಾಗಾಯಿತು ಎಂದರು. ಕೆಲವು ಆಕ್ಷೇಪಗಳಲ್ಲಿ ಹುರುಳೂ ಇತ್ತು. 1998ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಕಂಪ್ಯೂಟರಿನಲ್ಲಿ ತಾಮ್ರದ ಪರಮಾಣುಗಳನ್ನು ಕೂಡಿಸಿ ನೋಡಿದರು: ಅಷ್ಟು ಕಿರಿದರಲ್ಲಿ ಎಡವಟ್ಟುಗಳಿಗೆ ಓಡಾಡಲು ಜಾಗವಿಲ್ಲ, ಹರಳಿನ ಎಲ್ಲೆಗಳೇ ಜಾರತೊಡಗುತ್ತವೆ. ಚೋಕ್ಷಿಯವರ ಮಾತು ಸುಮಾರು ಹತ್ತು ವರ್ಷ ಪೆಟ್ಟು ತಿಂದು ನಿಂತಿತು. ನ್ಯಾನೋ ಎಂದೊಡನೆ ಗಟ್ಟಿ ಎಂದು ತಿಳಿಯುವುದೇ ತಪ್ಪು ಎಂಬುದೂ ಇದರಿಂದ ತಿಳಿಯಿತು. ಎಳನೀರಿನ ಗಾಡಿಯ ಹತ್ತಿರದ ಮಾತಿಗೆ ಇಲ್ಲಿಯವರೆಗೆ ಒಂದು ಪೆಟ್ಟೂ ಬಿದ್ದಿಲ್ಲ; ಕೇಳಿದವರೆಲ್ಲ ಸ್ವಂತದವರೇ.

ಹೆಮ್ಮೆಪಡಬಾರದೆಂದು ನಾನು ಹೇಳುತ್ತಿಲ್ಲ; ಹೆಮ್ಮೆ ಯಾರಿಗೆ ಸಲ್ಲಬೇಕೆಂದು ಕೇಳುತ್ತಿದ್ದೇನೆ. ಗಂಜಾಂ ಎಂಬ ಪೇಟೆ ಹುಟ್ಟಿದ್ದೇ ಶಿರಾದಿಂದ 12,000 ಕುಟುಂಬಗಳನ್ನು ಬಲವಂತದಿಂದ ಎಬ್ಬಿಸಿ ತಂದು ಎಂದು ಇತಿಹಾಸಕಾರ ಬಿ. ಎಲ್. ರೈಸ್ ದಾಖಲಿಸಿದ್ದಾರೆ. ಅಂಥ ನೆಲದಲ್ಲಿ ನಿಂತು ಕೀರ್ತಿಯನ್ನೆಲ್ಲ ದೊರೆಗೊಂದು ಪಾಲು, ಕಣ್ಣಿಗೆ ಕಾಣದ ಕೊಳವೆಗಳಿಗೊಂದು ಪಾಲು ಎಂದು ಹಂಚಿದರೆ ಕಮ್ಮಾರನ ಪಾಲಿಗೆ ಏನು ಉಳಿಯಿತು? ಯಾವ ಕೆಲಸಕ್ಕೆ ಗಡಸು, ಯಾವುದಕ್ಕೆ ಮೆದು ಎಂದು ಕುಲುಮೆಯ ಕೆಂಪು ನೋಡಿ ತೀರ್ಮಾನಿಸುತ್ತಿದ್ದವನು ಅವನು. ಮೂಸೆ ಉಕ್ಕನ್ನು ಬೆಳ್ಳಗಾಗುವಷ್ಟು ಕಾಯಿಸಿ, ಸುತ್ತಿಗೆಯ ಕೆಳಗೆ ಪುಡಿಯಾದದ್ದನ್ನು ಕಂಡು ಯುರೋಪಿನ ಕಮ್ಮಾರರು ಕೈಚೆಲ್ಲಿದ್ದುಂಟು. ಇಲ್ಲಿಯವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿತ್ತು. ನ್ಯಾನೋ ಕೊಳವೆ ಅವನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಅವನಿಗೆ ಏನು ಗೊತ್ತಿತ್ತೆಂದು ಕೇಳಲು ಒಂದು ದಾರಿ ಇದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಮೇಲೆ ಬಂದವು. ಅದರಲ್ಲಿ ಒಂದನ್ನು, ತುಕ್ಕಿನೊಳಗೆ ಲೋಹ ಉಳಿದಿರುವಂಥದ್ದನ್ನು, ಕೊಯ್ಯಲು ಕೊಡಬೇಕು. ಪರಂಪರೆಗೆ ಗರಗಸ ಹಾಕುವುದೇ ಎಂದು ಕೂಗೆದ್ದೀತು. ಸಾವಿರ ಇರುವಾಗ ಒಂದನ್ನು ಕೊಡದಿರುವುದು ಪೂಜೆಯೇ ಹೊರತು ಗೌರವವಲ್ಲ ಎಂಬುದು ನನ್ನ ಪಕ್ಷ. ಕೊಯ್ದ ಮುಖವನ್ನು ಉಜ್ಜಿ ನಯಮಾಡಿ, ಸ್ಪಿರಿಟ್ಟಿನಲ್ಲಿ ತೆಳು ಮಾಡಿದ ನೈಟ್ರಿಕ್ ಆಮ್ಲ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹರಳುಗಳು ಕಾಣುತ್ತವೆ, ನಡುವೆ ಕಿಟ್ಟದ ಕಪ್ಪು ಎಳೆಗಳೂ ಕಾಣುತ್ತವೆ. ಇಂಥ ಕಬ್ಬಿಣ ಹರಿಯುವುದು ಆ ಎಳೆಗಳ ಮಗ್ಗುಲಿಂದಲೇ: ಕಿಟ್ಟದ ಪಕ್ಕ ಸಣ್ಣ ಟೊಳ್ಳುಗಳು ಹುಟ್ಟಿ, ಒಂದಕ್ಕೊಂದು ಸೇರಿ ಬಿರುಕಾಗುತ್ತದೆ. ಒಳಗಿನ ಒತ್ತಡಕ್ಕೆ ಕೊಳವೆಯ ಸುತ್ತಲಿನ ಎಳೆತ ಉದ್ದದ ಎಳೆತಕ್ಕಿಂತ ಎರಡು ಪಟ್ಟು. ತಗಡನ್ನು ಬಡಿದು ಹಿಗ್ಗಿಸಿದ ಉದ್ದಕ್ಕೇ ಸುಮ್ಮನೆ ಕೊಳವೆ ಮಾಡಿದ್ದರೆ ಎಳೆಗಳು ಕೊಳವೆಯ ಉದ್ದಕ್ಕೆ ಬಿದ್ದು ಅದು ಅವರೆಕಾಯಿಯಂತೆ ಸೀಳಿಬಿಡುವ ಭಯ. ಅಡ್ಡ ತಿರುಗಿಸಿ ಸುತ್ತಿದ್ದರೆ ಎಳೆಗಳು ಬಳೆಯಾಗಿ ಬಿಗಿಯುತ್ತವೆ. ಕಮ್ಮಾರ ತಗಡನ್ನು ಅಡೆಗಲ್ಲಿನ ಮೇಲೆ ಯಾವ ಕಡೆಗೆ ತಿರುಗಿಸಿ ಇಟ್ಟುಕೊಂಡ ಎಂಬುದು ಬೆರಳಗಲದ ಆ ತುಂಡಿನಲ್ಲಿ ಬರೆದಿರುತ್ತದೆ.