ಕಾಣದ್ದಕ್ಕೆ ಇಲ್ಲವೆನ್ನಬಹುದೇ?

“ದೇವರನ್ನ ಕಂಡಾವ್ರು ಯಾರದಾರ?” ಕುಷ್ಟಗಿಯ ಚಹಾದಂಗಡಿಯಲ್ಲಿ ಈ ಮಾತು ಬಿದ್ದರೆ ಹರಟೆ ಬೇರೆ ಕಡೆ ಹೊರಳುತ್ತದೆ. ಅದರೊಳಗೆ ಹಳೆಯದೊಂದು ತರ್ಕದ ಪ್ರಶ್ನೆಯಿದೆ: ಕಾಣಲಿಲ್ಲ ಎಂಬುದು ಇಲ್ಲ ಎಂಬುದಕ್ಕೆ ಯಾವಾಗ ಸಾಕ್ಷಿ? ಜೀವಕೋಶ ವಿಜ್ಞಾನಿಗಳಿಗೆ ಇದು ದಿನದ ತಲೆನೋವು.

ನ್ಯೂಕ್ಲಿಯಸ್ಸಿನ ಒಳಪೊರೆಗೆ ಆತುಕೊಂಡು ಲ್ಯಾಮಿನ್ ಎಂಬ ಪ್ರೋಟೀನುಗಳ ಜಾಲವಿದೆ. ನ್ಯೂಕ್ಲಿಯಸ್ಸಿನ ಆಕಾರಕ್ಕೆ ಅದೇ ಆಸರೆ. ಅದನ್ನು ನೋಡಲು ಸಾಮಾನ್ಯವಾಗಿ ಪ್ರತಿಕಾಯ ಬಳಸುತ್ತಾರೆ. ಪ್ರತಿಕಾಯ ಲ್ಯಾಮಿನ್ನಿನ ಒಂದು ಚಿಕ್ಕ ಭಾಗವನ್ನಷ್ಟೇ ಗುರುತಿಸಿ ಹಿಡಿಯುತ್ತದೆ, ಹೊಳೆಯುವ ಬಣ್ಣ ಆ ಜಾಗವನ್ನು ಸೂಕ್ಷ್ಮದರ್ಶಕಕ್ಕೆ ತೋರಿಸುತ್ತದೆ.

ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ (ಸಿಸಿಎಂಬಿ) ವೀಣಾ ಪರ್ನಾಯ್ಕ್ ಮತ್ತು ಸಂಗಡಿಗರು 1999ರಲ್ಲಿ ಎಲ್‌ಎ-2ಎಚ್10 ಎಂಬ ಪ್ರತಿಕಾಯದ ವಿವರ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಕೈಜೋಡಿಸಿದ್ದರು. ಬೇರೆ ಪ್ರತಿಕಾಯಗಳು ನ್ಯೂಕ್ಲಿಯಸ್ಸಿನ ಅಂಚಿನಲ್ಲಿ ಉಂಗುರ ತೋರಿಸಿದರೆ ಇದು ಒಳಗಿನ ಚುಕ್ಕಿಗಳನ್ನಷ್ಟೇ ತೋರಿಸಿತು. ಅಂಚು ಕತ್ತಲು. ಇದೊಂದನ್ನೇ ನಂಬಿ ಕೂತವರು ಅಂಚಿನಲ್ಲಿ ಲ್ಯಾಮಿನ್ನೇ ಇಲ್ಲವೆಂದು ಬರೆದುಬಿಡುತ್ತಿದ್ದರು. ಆದರೆ ಪ್ರೋಟೀನು ಇದ್ದೂ ಪ್ರತಿಕಾಯ ಹಿಡಿಯುವ ಭಾಗ ಹೆಣಿಗೆಯಲ್ಲಿ ಮುಚ್ಚಿಹೋಗಿರಬಹುದು.

ಇದೇ ಎಚ್ಚರಿಕೆ ಭಾರತದ ಹಳೆಯ ತರ್ಕದಲ್ಲೂ ಇದೆ. ಕುಮಾರಿಲ ಭಟ್ಟನ ಹಾದಿಯ ಮೀಮಾಂಸಕರು ಕಾಣದಿರುವುದನ್ನೂ ಒಂದು ಪ್ರಮಾಣ, ಅಂದರೆ ಅರಿವಿನ ದಾರಿ, ಎಂದು ಎಣಿಸಿ ಅನುಪಲಬ್ಧಿ ಎಂದರು. ಷರತ್ತು ಒಂದೇ: ವಸ್ತು ಇದ್ದಿದ್ದರೆ ಕಂಡೇ ತೀರಬೇಕಿತ್ತು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲಲ್ಲಿ ಆ ಮಾತು ಸಲ್ಲದು. ನ್ಯಾಯದರ್ಶನದ ನೈಯಾಯಿಕರು ಇದು ಪ್ರತ್ಯೇಕ ಪ್ರಮಾಣವಲ್ಲ ಎಂದರೂ ಷರತ್ತನ್ನು ಉಳಿಸಿಕೊಂಡರು. ಪ್ರಯೋಗಾಲಯದಲ್ಲಿ ಅದಕ್ಕೆ ಕಂಟ್ರೋಲ್ ಎಂದು ಹೆಸರು: ಪ್ರೋಟೀನು ಖಚಿತವಾಗಿ ಇರುವ ಕೋಶವನ್ನೂ, ಅದರ ಜೀನನ್ನೇ ತೆಗೆದ ಕೋಶವನ್ನೂ ಪಕ್ಕದಲ್ಲಿಟ್ಟು ನೋಡುವುದು. ಅಷ್ಟೂ ಸಾಲದು, ಬೇರೆ ಭಾಗವನ್ನು ಹಿಡಿಯುವ ಇನ್ನೊಂದು ಪ್ರತಿಕಾಯ ಬೇಕು.

ನೈಯಾಯಿಕ ಉದಯನ ತನ್ನ ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕದಲ್ಲಿ (ಅಧ್ಯಾಯದಲ್ಲಿ) ನಿರೀಶ್ವರವಾದಿಗಳ ಮೇಲೆ ಇದೇ ಷರತ್ತನ್ನು ಪ್ರಯೋಗಿಸಿದ: ಈಶ್ವರ ಇಂದ್ರಿಯಕ್ಕೆ ಯೋಗ್ಯನೇ ಅಲ್ಲ, ಆದ್ದರಿಂದ ಕಾಣದಿದ್ದರೆ ಅಭಾವ ಸಿದ್ಧಿಸದು. ಜಾಣ ಉತ್ತರ. ಆದರೆ ಆಸ್ತಿಕರು ಇಲ್ಲಿಗೇ ಗೆದ್ದೆವೆಂದು ಏಳುವುದು ಅವಸರ. ಅಂಚಿನಲ್ಲಿ ಲ್ಯಾಮಿನ್ ಇದೆಯೆಂದು ತಿಳಿದದ್ದು ಬೇರೆ ಪ್ರತಿಕಾಯದಿಂದ, ಕತ್ತಲಿನಿಂದಲ್ಲ. ಉದಯನನಿಗೂ ಇದು ಗೊತ್ತಿತ್ತು. ಐದನೆಯ ಸ್ತಬಕದಲ್ಲಿ ಜಗತ್ತು ಕಾರ್ಯ, ಅದಕ್ಕೊಬ್ಬ ಕರ್ತೃ ಬೇಕು ಎಂಬಲ್ಲಿಂದ ಶುರುಮಾಡಿ ಹೇತುಗಳ ಸಾಲನ್ನೇ ಒಡ್ಡಿದ. ಮಾಧ್ವರಿಗೆ ಅವು ಹಿಡಿಸಲಿಲ್ಲ. ಗಂಗಾವತಿ ಬಳಿಯ ಆನೆಗೊಂದಿಯಲ್ಲಿ ವೃಂದಾವನಸ್ಥರಾಗಿರುವ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನ್ಯಾಯದವರ ಪ್ರಮಾಣವಿಚಾರವನ್ನೇ ಜಾಲಾಡಿದರು, ಅವರ ಪರಂಪರೆಯಲ್ಲಿ ಈಶ್ವರನನ್ನು ತಿಳಿಸುವ ಸ್ವತಂತ್ರ ಬಲ ಅನುಮಾನಕ್ಕಿಲ್ಲ, ಆಗಮಕ್ಕೇ ಉಂಟು.