ಕೈಗೆ ಮಣ್ಣು ಹತ್ತಿದ ವಿದ್ಯೆ

ಶಾಲೆಯಲ್ಲಿ ತೋಟಗಾರಿಕೆಯ ಅವಧಿ ಆರಂಭವಾಯಿತೆಂದರೆ ಜೈನ ಮನೆತನಗಳ ಕೆಲವು ಹಿರಿಯರಲ್ಲಿ ಒಂದು ಶಂಕೆ ತಲೆದೋರುತ್ತದೆ: ಶ್ರಾವಕರ ಮಕ್ಕಳು ಗುದ್ದಲಿ ಹಿಡಿಯಬಹುದೇ? ಮಣ್ಣನ್ನು ಅಗೆದರೆ ಜೀವಹಾನಿ ತಪ್ಪದು. ಪೃಥ್ವೀಕಾಯಿಕ ಜೀವಗಳ ಮಾತು ಹಾಗಿರಲಿ, ಎರೆಹುಳು ಇರುವೆಗಳಂತೂ ಕಣ್ಣೆದುರಿಗೇ ಇವೆ. ಆದುದರಿಂದ ಪುಸ್ತಕದ ವಿದ್ಯೆಯೇ ನಿರ್ದೋಷವಾದುದೆಂಬ ತೀರ್ಮಾನಕ್ಕೆ ಬರುವುದು ಸುಲಭ. ಇಷ್ಟು ಸುಲಭವಾಗಿ ದೊರೆತ ತೀರ್ಮಾನವನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಕರ್ಮವೀರ ಭಾವುರಾವ್ ಪಾಟೀಲರು. ಬಾಹುಬಲಿ ಬೆಟ್ಟದ ದರ್ಶನಕ್ಕೆ ಹೋಗಿಬಂದವರಿಗೆ ಪರಿಚಿತವಾದ ಕುಂಭೋಜದಲ್ಲಿ, 1887ರಲ್ಲಿ, ದಿಗಂಬರ ಜೈನ ಕುಟುಂಬದಲ್ಲಿ ಅವರು ಜನಿಸಿದರು. ಕೊಲ್ಹಾಪುರದಲ್ಲಿ ಓದುತ್ತಿದ್ದಾಗ ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು, ಶುದ್ಧಿಸ್ನಾನ ಮಾಡಲು ಒಪ್ಪದ ಕಾರಣಕ್ಕೆ ಜೈನ ವಸತಿಗೃಹದಿಂದಲೇ ಹೊರಬೀಳಬೇಕಾಯಿತೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಜೈನ ಸಮಾಜವು ಮರೆಯಲು ಬಯಸುವ ಪ್ರಸಂಗವಿದು. ಆದರೆ ಮುಂದಿನದಕ್ಕೆ ಬೀಜವೂ ಇದೇ. ಕೆಲಕಾಲ ಅವರು ಓಗಲೆಯವರ ಗಾಜಿನ ಸಾಮಾನುಗಳನ್ನೂ ಕಿರ್ಲೋಸ್ಕರರ ಕಬ್ಬಿಣದ ನೇಗಿಲುಗಳನ್ನೂ ಮಾರುತ್ತ ಹಳ್ಳಿಹಳ್ಳಿ ತಿರುಗಿದರು. ವ್ಯಾಪಾರಕ್ಕೆಂದು ತಿರುಗಿದವರ ಕಣ್ಣಿಗೆ ಅಕ್ಷರವಿಲ್ಲದ ರೈತಮಕ್ಕಳು ಬಿದ್ದರು.

1919ರಲ್ಲಿ ಕರಾಡದ ಬಳಿಯ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಅದು ಸಾತಾರಕ್ಕೆ ಬಂದಿತು. ಅಲ್ಲಿನ ವಸತಿಗೃಹಕ್ಕೆ ಶಾಹು ಮಹಾರಾಜರ ಹೆಸರಿಟ್ಟವರು 1927ರಲ್ಲಿ ಬಂದ ಗಾಂಧೀಜಿ. ಮರಾಠ, ಮಹಾರ, ಜೈನ, ಮುಸಲ್ಮಾನ ಎಂಬ ಭೇದವಿಲ್ಲದೆ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಉಣ್ಣುವುದಕ್ಕೆ ಮೊದಲು ಆ ಅಡಿಗೆಯನ್ನು ಮಾಡಬೇಕಾದವರೂ ಅವರೇ. ಹೊಲದ ಕೆಲಸ, ಕಟ್ಟಡದ ಕೆಲಸ ಎಲ್ಲವೂ ಪಾಠದೊಡನೆ ಸಾಗುತ್ತಿದ್ದವು. 'ಗಳಿಸು, ಕಲಿ' ಎಂದು ಹೆಸರಾದ ಪದ್ಧತಿ ಇದು. ಇಲ್ಲಿ ಶ್ರಮವು ಪ್ರದರ್ಶನವಾಗಿರಲಿಲ್ಲ. ರೊಟ್ಟಿ ಸೀದುಹೋದರೆ ಸೀದ ರೊಟ್ಟಿಯನ್ನೇ ತಿನ್ನಬೇಕು. ಕಳೆ ಕೀಳದಿದ್ದರೆ ಪೈರು ಬಾರದು. ಬೋಧಿಸಿದವರೂ ಅದೇ ತಕ್ಕಡಿಯಲ್ಲಿ ತೂಗಿಸಿಕೊಂಡರು. ಮಕ್ಕಳ ಊಟಕ್ಕೆ ಧಾನ್ಯವಿಲ್ಲದಾಗ ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೇ ಮಾರಿದರು.

ಇನ್ನು ಹಿಂಸೆಯ ಪ್ರಶ್ನೆ. ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆಯನ್ನು. ಆರಂಭೀ, ಉದ್ಯೋಗೀ ಹಿಂಸೆಗಳಲ್ಲಿ ಎಚ್ಚರವಿರಬೇಕೆಂಬುದು ಶ್ರಾವಕಾಚಾರದ ನಿಲುವು. ಕರ್ಮಭೂಮಿಯ ಆರಂಭದಲ್ಲಿ ಆದಿನಾಥನು ಪ್ರಜೆಗಳಿಗೆ ಕಲಿಸಿದ ಆರು ವೃತ್ತಿಗಳಲ್ಲಿ ಮಸಿಯ ಜೊತೆಗೆ ಕೃಷಿಯೂ ಶಿಲ್ಪವೂ ಇವೆ. ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರದ ಕಡೆಯ ಜೈನರಲ್ಲಿ ಬಹುಮಂದಿ ತಲೆಮಾರುಗಳಿಂದ ಒಕ್ಕಲುತನ ಮಾಡಿಕೊಂಡು ಬಂದವರು; ಅವರ ಅಣುವ್ರತಗಳಿಗೆ ನೇಗಿಲು ಅಡ್ಡಬಂದಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿಂದಲೂ ಕರ್ಮಾಸ್ರವವಾಗುತ್ತದೆ. ಅಂಗಡಿಯಲ್ಲಿ ಕುಳಿತು ಅಕ್ಕಿಯನ್ನು ಕೊಂಡವನು ತಾನು ಭೂಮಿಯನ್ನು ಅಗೆಯಲಿಲ್ಲವೆಂದು ಹೇಳಬಹುದು. ಆದರೆ ಅವನ ತಟ್ಟೆಯ ಅನ್ನಕ್ಕಾಗಿ ಯಾರೋ ಅಗೆದಿದ್ದಾರೆ. ಲೆಕ್ಕಪುಸ್ತಕದಲ್ಲಿ ಖರ್ಚನ್ನು ಬೇರೊಬ್ಬನ ಖಾತೆಗೆ ಬರೆದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಎರೆಹುಳುವನ್ನು ಕಂಡು ಗುದ್ದಲಿಯನ್ನು ತಡೆದ ಬಾಲಕನಿಗೆ ಯತ್ನಾಚಾರವೆಂಬ ಶಬ್ದದ ಅರ್ಥ ತಿಳಿಯುತ್ತದೆ. ಅದನ್ನು ಬಾಯಿಪಾಠ ಮಾಡಿದವನಿಗೆ ತಿಳಿಯುವುದೆಂಬ ಭರವಸೆಯಿಲ್ಲ.

ಹಾಗೆಂದು ಕೈಯಾರೆ ಮಾಡಿದ್ದೆಲ್ಲವೂ ವಿದ್ಯೆಯಲ್ಲ. ಪ್ರಯೋಗಶಾಲೆಯಲ್ಲಿ ಕಪ್ಪೆಯನ್ನು ಕೊಯ್ದು ನೋಡುವುದೂ ಪ್ರತ್ಯಕ್ಷ ಕಲಿಕೆಯೆಂದೇ ಬಹುಕಾಲ ನಡೆಯಿತು. ಅಲ್ಲಿ ಜೀವಹಾನಿಯು ಕೆಲಸದ ನಡುವೆ ಒದಗಿದ್ದಲ್ಲ, ಅದೇ ಕೆಲಸ. 2014ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪ್ರಾಣಿಶಾಸ್ತ್ರದ ಪಠ್ಯಗಳಿಂದ ಅದನ್ನು ಕೈಬಿಡುವಂತೆ ಸೂಚಿಸಿದ್ದು ಸಮಾಧಾನದ ಸಂಗತಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದಿತು. ಉದ್ದೇಶವೇನೋ ಒಳ್ಳೆಯದು. ಆದರೆ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು, ಮರುದಿನ ನೀರೆರೆಯಲು ಮಾಲಿಯನ್ನು ನೇಮಿಸುವ ಶಾಲೆಯಲ್ಲಿ ಹತ್ತು ದಿನವಲ್ಲ, ನೂರು ದಿನವೂ ವ್ಯರ್ಥ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಶುಲ್ಕ ಕೊಡಲಾರದವನ ಮಗನಿಗೆ ಮಾತ್ರ ಪೊರಕೆ ಕೊಟ್ಟು, ಅದನ್ನು ಸ್ವಾವಲಂಬನೆಯೆಂದು ಕರೆಯುವುದು. ಕೆಲಸವು ಎಲ್ಲರಿಗೂ ಸರದಿಯ ಮೇಲೆ ಬಂದರೆ ಶಿಕ್ಷಣ, ಬಡವನಿಗೆ ಮಾತ್ರ ಬಂದರೆ ಚಾಕರಿ.

ಜಿನಾಲಯಗಳ ಟ್ರಸ್ಟುಗಳು ನಡೆಸುವ ಶಾಲೆಗಳಲ್ಲಿಯೂ ವಸತಿಗೃಹಗಳಲ್ಲಿಯೂ ಇದನ್ನು ಪರೀಕ್ಷಿಸಲು ದೊಡ್ಡ ಸಮಿತಿ ಬೇಕಿಲ್ಲ. ಅಡಿಗೆಮನೆಯ ಗೋಡೆಯ ಮೇಲೆ ಪಾತ್ರೆ ತೊಳೆಯುವ ಸರದಿಯ ಪಟ್ಟಿಯೊಂದು ಇರುತ್ತದೆ. ಧರ್ಮದರ್ಶಿಗಳ ಮಕ್ಕಳ ಹೆಸರು ಅದರಲ್ಲಿ ಇದೆಯೇ ಎಂದು ಓದಿ ನೋಡಬಹುದು.