ತರಾವೀಹ್ ಮುಗಿದ ಮೇಲೆ ಅವನು ಎಲ್ಲಿಗೆ ಹೋದ?




ಸರ್ವಸ್ತುತಿ ಅಲ್ಲಾಹನಿಗೆ. ಇನ್ನೊಂದು ರಮಝಾನನ್ನು ಕಾಣುವ ಭಾಗ್ಯವನ್ನು ಅವನು ನಮಗೆ ಕರುಣಿಸಿದ್ದಾನೆ. ಕಳೆದ ವರ್ಷ ನಮ್ಮ ಜೊತೆ ಸಫ್‌ನಲ್ಲಿ ನಿಂತಿದ್ದ ಎಷ್ಟೋ ಮಂದಿ ಇಂದು ಇಲ್ಲ. ಉಳಿದಿರುವ ನಮ್ಮ ಮೇಲೆ ಈ ತಿಂಗಳ ಹಕ್ಕು ಇದೆ.

ನನ್ನ ಮನಸ್ಸಿನಿಂದ ಮಾಸದ ಒಂದು ಘಟನೆಯಿಂದ ಮಾತು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ದುಬೈಯ ದೇರಾದಲ್ಲಿ ನಾವು ಊರವರು ಸೇರಿ ಇಫ್ತಾರ್ ಮಾಡುತ್ತಿದ್ದೆವು. ಉದ್ದದ ಒಂದು ಹಾಸು, ಅದರ ಮೇಲೆ ಖರ್ಜೂರ, ಲಬನ್, ಸಮೋಸ, ತೆಂಗಿನ ಹಾಲಿನ ಗಂಜಿ. ಹಾಸಿನ ಕೊನೆಯಲ್ಲಿ ದಿನವೂ ಒಬ್ಬ ಹುಡುಗ ಕೂರುತ್ತಿದ್ದ. ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯ. ಬಂಟ್ವಾಳದ ಕಡೆಯವನು. ಎಲ್ಲರಿಗಿಂತ ಮೊದಲು ಬಂದು ಹಾಸು ಹಾಸುತ್ತಿದ್ದ. ಎಲ್ಲರೂ ಎದ್ದ ಮೇಲೆ ಪಾತ್ರೆ ತೊಳೆದು, ತರಾವೀಹ್ ಮುಗಿಯುವವರೆಗೆ ಇದ್ದು ಹೋಗುತ್ತಿದ್ದ. ಬೆನ್ನಿಗೆ ಸದಾ ಒಂದು ಬ್ಯಾಗ್. ಎಂಥ ಸೇವಾ ಮನೋಭಾವದ ಹುಡುಗ ಎಂದು ನಾವೆಲ್ಲ ಹೊಗಳಿದೆವು.

ಹನ್ನೊಂದನೆಯ ಉಪವಾಸದಂದು ಅವನು ಬರಲಿಲ್ಲ. ಕೆಲಸ ಸಿಕ್ಕಿರಬೇಕು ಎಂದುಕೊಂಡೆವು. ಈದ್ ಕಳೆದ ಮೇಲೆ ಊರಿನಿಂದ ಅವನ ಫೋನ್ ಬಂತು. ವಿಸಿಟ್ ವೀಸಾದಲ್ಲಿ ಬಂದಿದ್ದನಂತೆ. ಹೇಳಿದ್ದ ಕೆಲಸ ಆಗಲಿಲ್ಲ. ಬೆಡ್‌ಸ್ಪೇಸ್‌ನ ಒಂದು ತಿಂಗಳ ಬಾಡಿಗೆ ಬಾಕಿಯಾಯಿತು. ರಮಝಾನ್ ಆರಂಭಕ್ಕೆ ಎರಡು ದಿನ ಇರುವಾಗ ರೂಮಿನಿಂದ ಹೊರಗೆ ಹಾಕಿದರು. ಪರಿಚಯದವರೊಬ್ಬರ ಪಿಕಪ್ ಗಾಡಿಯಲ್ಲಿ ರಾತ್ರಿ ಮಲಗುತ್ತಿದ್ದ. ಆ ಗಾಡಿಯೂ ಬೇರೆ ಊರಿಗೆ ಹೋದಾಗ ಮೆಟ್ಟಿಲ ಕೆಳಗೆ ಮಲಗಿದ. ಜ್ವರ ಬಂತು. ಕೊನೆಗೆ ಯಾರೋ ಪುಣ್ಯಾತ್ಮರು ಭಾರತೀಯ ಕಾನ್ಸುಲೇಟ್‌ಗೆ ಕರೆದೊಯ್ದು ಊರಿಗೆ ಮುಟ್ಟಿಸಿದರು.

“ನಮಗೆ ಯಾಕೆ ಹೇಳಲಿಲ್ಲ ಮಗಾ?” ಎಂದೆ.

“ಉಸ್ತಾದ್, ಊಟ ಆಯ್ತಾ ಅಂತ ಎಲ್ಲರೂ ಕೇಳಿದ್ರು. ಎಲ್ಲಿ ಮಲಗ್ತೀಯಾ ಅಂತ ಯಾರೂ ಕೇಳ್ಲಿಲ್ಲ” ಎಂದ.

ಸಹೋದರರೇ, ಆ ಹತ್ತು ದಿನ ಅವನಿಗೆ ಖರ್ಜೂರ ದಾಟಿಸಿದ ಕೈ ನನ್ನದು. ನನ್ನ ರೂಮಿನಲ್ಲಿ ಆಗ ಒಬ್ಬರು ರಜೆಯಲ್ಲಿ ಊರಿಗೆ ಹೋಗಿದ್ದರು. ಅವರ ಮಂಚ ತಿಂಗಳಿಡೀ ಖಾಲಿ ಇತ್ತು. ನಾಳೆ ಅಲ್ಲಾಹನ ಮುಂದೆ ಆ ಖಾಲಿ ಮಂಚದ ಲೆಕ್ಕವನ್ನು ನಾನು ಕೊಡಬೇಕು. ಆದ್ದರಿಂದ ಈ ಮಾತನ್ನು ನಿಮಗೆ ಹೇಳುವ ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಸೂರು ಎಂಬ ಅನುಗ್ರಹ

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೆಯ ಸೂಕ್ತದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಎಣಿಸುವಾಗ ಮನೆಯನ್ನೂ ಎಣಿಸುತ್ತಾನೆ. ನಿಮ್ಮ ಮನೆಗಳನ್ನು ನಿಮಗೆ ನೆಮ್ಮದಿಯ ತಾಣವಾಗಿ ಮಾಡಿದವನು ಅವನು ಎಂಬುದು ಅದರ ಸಾರ. ಅಲ್ಲಿ ಬರುವ ಪದ ‘ಸಕನ್’. ‘ಸಕೀನಾ’ ಎಂಬ ಪದವೂ ಇದೇ ಮೂಲದ್ದು. ಮನೆಯೆಂದರೆ ನಾಲ್ಕು ಗೋಡೆ ಮಾತ್ರವಲ್ಲ, ಮನಸ್ಸು ನೆಲೆಗೊಳ್ಳುವ ಜಾಗ. ತಲೆಯ ಮೇಲೆ ಸೂರಿಲ್ಲದವನಿಗೆ ಸಹರಿಗೆ ಏಳುವುದು ಎಲ್ಲಿಂದ? ಕುರ್‌ಆನ್ ಓದುವುದು ಎಲ್ಲಿ ಕುಳಿತು?

ನಮ್ಮ ಸ್ಥಿತಿ ನಮಗೆ ಗೊತ್ತೇ ಇದೆ. ಊರಿನಲ್ಲಿ ಇಪ್ಪತ್ತು ವರ್ಷದ ದುಡಿಮೆಯಿಂದ ಕಟ್ಟಿದ ಟೆರೇಸಿನ ಮನೆ, ಅದರಲ್ಲಿ ಬೀಗ ಹಾಕಿದ ಎರಡು ಕೋಣೆ. ಇಲ್ಲಿ ಮನೆಯ ಯಜಮಾನನಿಗೆ ಕಬ್ಬಿಣದ ಅಟ್ಟಮಂಚದ ಮೇಲಿನ ಹಲಗೆ. ಅದೂ ಕೈತಪ್ಪಿದರೆ ಅವನು ದಾರಿಹೋಕ. ಇಸ್ಲಾಮ್ ಅವನನ್ನು ಮರೆತಿಲ್ಲ. ಅತ್ತೌಬಾ ಅಧ್ಯಾಯದ 60ನೆಯ ಸೂಕ್ತ ಝಕಾತ್‌ನ ಹಕ್ಕುದಾರರ ಎಂಟು ವರ್ಗಗಳನ್ನು ಹೇಳುತ್ತದೆ. ಸಾಲದಲ್ಲಿ ಸಿಲುಕಿದವನೂ, ದಾರಿಹೋಕನೂ ಅದರಲ್ಲಿದ್ದಾರೆ. ಊರಿನಲ್ಲಿ ಆಸ್ತಿ ಇದ್ದರೂ ಪರದೇಶದಲ್ಲಿ ಕೈ ಖಾಲಿಯಾಗಿ ನಿಂತವನು ಈ ದಾರಿಹೋಕರ ಸಾಲಿಗೆ ಸೇರುತ್ತಾನೆ ಎಂದು ವಿದ್ವಾಂಸರು ವಿವರಿಸಿದ್ದಾರೆ.

ಮದೀನಾ ನಮಗೆ ಕಲಿಸಿದ್ದು

ಹಿಜ್ರಾ ನಡೆದು ಮದೀನಾ ತಲುಪಿದಾಗ ಪ್ರವಾದಿವರ್ಯರಿಗೇ(ಸ) ಅಲ್ಲಿ ಸ್ವಂತ ಮನೆ ಇರಲಿಲ್ಲ. ಅಬೂ ಅಯ್ಯೂಬ್ ಅನ್ಸಾರಿ(ರ) ತಮ್ಮ ಮನೆಯ ಕೆಳ ಅಂತಸ್ತನ್ನು ಬಿಟ್ಟುಕೊಟ್ಟರು. ಒಂದು ರಾತ್ರಿ ಮೇಲಿನ ಅಂತಸ್ತಿನಲ್ಲಿ ನೀರಿನ ಮಡಕೆ ಒಡೆಯಿತು. ನೀರು ಸೋರಿ ಕೆಳಗಿದ್ದ ಪ್ರವಾದಿವರ್ಯರಿಗೆ(ಸ) ತೊಂದರೆಯಾದೀತೆಂದು ಪತಿ ಪತ್ನಿ ಇಬ್ಬರೂ ತಮಗಿದ್ದ ಒಂದೇ ಹೊದಿಕೆಯಿಂದ ನೆಲವನ್ನು ಒರೆಸಿದರು. ಅವರು ಶ್ರೀಮಂತರಾಗಿರಲಿಲ್ಲ. ಇದ್ದದ್ದು ಒಂದು ಹೊದಿಕೆ. ಆಶ್ರಯ ಕೊಡಲು ದೊಡ್ಡ ಬಂಗಲೆ ಬೇಡ.

ಮಸ್ಜಿದುನ್ನಬವಿಯ ಒಂದು ಬದಿಯ ನೆರಳಿನ ಜಾಗಕ್ಕೆ ‘ಸುಫ್ಫಾ’ ಎಂದು ಹೆಸರು. ಮನೆ ಮಠ ಇಲ್ಲದ ಸಹಾಬಿಗಳು ಅಲ್ಲಿ ವಾಸವಾಗಿದ್ದರು. ಅವರಲ್ಲಿ ಒಬ್ಬರು ಅಬೂ ಹುರೈರಾ(ರ). ಇಂದು ನಾವು ಕೇಳುವ ಸಾವಿರಾರು ಹದೀಸ್‌ಗಳು ಸೂರಿಲ್ಲದ ಆ ಮನುಷ್ಯನ ಮೂಲಕ ನಮಗೆ ತಲುಪಿದವು. ಬಾಡಿಗೆ ಕಟ್ಟಲಾಗದವನನ್ನು ಕೈಲಾಗದವನು ಎಂದು ತಾತ್ಸಾರ ಮಾಡುವ ಮೊದಲು ಇದನ್ನು ನೆನೆಯಿರಿ.

ಅಲ್ ಬಕರಾ ಅಧ್ಯಾಯದ 273ನೆಯ ಸೂಕ್ತ ಇಂಥ ಜನರ ಬಗ್ಗೆಯೇ ಇಳಿದಿದೆ ಎಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಅವರು ಸ್ವಾಭಿಮಾನಿಗಳು, ಕೈಚಾಚಿ ಪೀಡಿಸುವವರಲ್ಲ. ಅರಿಯದವನು ಅವರನ್ನು ಅನುಕೂಲಸ್ಥರೆಂದೇ ಭಾವಿಸುತ್ತಾನೆ. ಲಕ್ಷಣಗಳಿಂದ ಮಾತ್ರ ಅವರನ್ನು ಗುರುತಿಸಬಹುದು. ನಮ್ಮ ಹಾಸಿನ ಕೊನೆಯಲ್ಲಿ ಕೂತಿದ್ದ ಹುಡುಗನ ಲಕ್ಷಣಗಳೆಲ್ಲ ನಮ್ಮ ಕಣ್ಣ ಮುಂದಿದ್ದವು. ಸದಾ ಜೊತೆಗಿದ್ದ ಬ್ಯಾಗ್. ಮಸೀದಿಯ ಗೋಡೆಯ ಪ್ಲಗ್‌ನಲ್ಲಿ ಮೊಬೈಲ್ ಚಾರ್ಜ್. ಎರಡು ದಿನಕ್ಕೊಮ್ಮೆ ಅದೇ ಅಂಗಿ. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವುದು. ನಾವು ನೋಡಿದೆವು, ಆದರೆ ಗುರುತಿಸಲಿಲ್ಲ.

ಆದ್ದರಿಂದ ಈ ರಮಝಾನ್‌ನಲ್ಲಿ ಒಂದು ಪ್ರಶ್ನೆಯನ್ನು ರೂಢಿ ಮಾಡಿಕೊಳ್ಳಿ. ಹೊಸ ಮುಖ ಕಂಡರೆ ಪಕ್ಕಕ್ಕೆ ಕರೆದು, ನಾಲ್ಕು ಜನರ ಎದುರು ಅಲ್ಲ, ಮೆಲ್ಲಗೆ ಕೇಳಿ: “ರೂಮ್ ಎಲ್ಲಿ? ಯಾರ ಜೊತೆ ಇದ್ದೀಯಾ?”

ಸೂರು ಕಳೆದುಕೊಂಡ ಸಹೋದರನಿಗೆ

ಈ ಪುಸ್ತಿಕೆ ನಿಮ್ಮ ಕೈಗೆ ಬಂದಿರುವಾಗ ನೀವೇ ಆ ಸ್ಥಿತಿಯಲ್ಲಿದ್ದರೆ, ಮೊದಲು ನಾಚಿಕೆ ಬಿಡಿ. ಭಿಕ್ಷೆಗೂ, ಹಕ್ಕಿನ ನೆರವಿಗೂ ವ್ಯತ್ಯಾಸವಿದೆ. ತಡ ಮಾಡಿದಷ್ಟೂ ಬಾಗಿಲುಗಳು ಕಡಿಮೆಯಾಗುತ್ತವೆ.

ನೀವು ಕಂಪನಿ ವೀಸಾದಲ್ಲಿದ್ದರೆ, ಯುಎಇಯ ಕಾರ್ಮಿಕ ಕಾನೂನಿನಂತೆ ಕಂಪನಿ ನಿಮಗೆ ಯೋಗ್ಯವಾದ ವಸತಿ ಕೊಡಬೇಕು. ಇಲ್ಲವೇ ವಸತಿ ಭತ್ಯೆಯನ್ನು ನಗದಾಗಿ ಅಥವಾ ಸಂಬಳದಲ್ಲಿ ಸೇರಿಸಿ ಕೊಡಬೇಕು. 50 ಅಥವಾ ಹೆಚ್ಚು ಕಾರ್ಮಿಕರಿರುವ ಕಂಪನಿಯಲ್ಲಿ ತಿಂಗಳಿಗೆ 1500 ದಿರ್ಹಮ್‌ಗಿಂತ ಕಡಿಮೆ ಸಂಬಳ ಇರುವವರಿಗೆ ಕಂಪನಿಯೇ ವಸತಿ ಒದಗಿಸಬೇಕು. ಕೊಡದಿದ್ದರೆ ಕಾರ್ಮಿಕ ಸಚಿವಾಲಯದ 600590000 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ. ಸಿಟ್ಟಿನಿಂದ ಕ್ಯಾಂಪ್ ಬಿಟ್ಟು ಹೊರಟುಬಿಡಬೇಡಿ. ಏಳು ದಿನಕ್ಕಿಂತ ಹೆಚ್ಚು ಸತತವಾಗಿ ಕೆಲಸಕ್ಕೆ ಹೋಗದಿದ್ದರೆ ಕಂಪನಿ ನಿಮ್ಮ ಮೇಲೆಯೇ ‘ಕೆಲಸ ಬಿಟ್ಟು ಓಡಿಹೋದ’ ಎಂದು ದೂರು ಹಾಕಬಹುದು. ಮೊದಲು ದೂರು, ಆಮೇಲೆ ಉಳಿದದ್ದು.

ಕೆಲಸವೂ ಇಲ್ಲ, ವೀಸಾವೂ ಮುಗಿಯುತ್ತಿದೆ ಎಂದಾದರೆ ದುಬೈಯ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಕರೆ ಮಾಡಿ. ಉಚಿತ ಸಂಖ್ಯೆ 800 46342. ಸಂಕಷ್ಟದಲ್ಲಿರುವ ಭಾರತೀಯರಿಗಾಗಿ ನಮ್ಮ ಸರಕಾರ 2009ರಲ್ಲಿ ಆರಂಭಿಸಿದ ಸಮುದಾಯ ಕಲ್ಯಾಣ ನಿಧಿ ಇದೆ. ನಿಜವಾಗಿಯೂ ಗತಿಯಿಲ್ಲದವರೆಂದು ಕಂಡುಬಂದರೆ ತಾತ್ಕಾಲಿಕ ಊಟ, ವಸತಿ, ಊರಿಗೆ ಮರಳುವ ವಿಮಾನ ಟಿಕೆಟ್ ಇವುಗಳಿಗೆ ಅದರಿಂದ ನೆರವು ಕೊಡಲು ಅವಕಾಶವಿದೆ. ವೀಸಾ ಮುಗಿದ ಮೇಲೆ ದಿನಕ್ಕೆ 50 ದಿರ್ಹಮ್ ದಂಡ ಬೆಳೆಯುತ್ತಾ ಹೋಗುತ್ತದೆ. ಕಾದು ಕೂರಬೇಡಿ.

ಬಾಡಿಗೆ ಬಾಕಿಗೆಂದು ಪಾಸ್‌ಪೋರ್ಟನ್ನು ಯಾರಿಗೂ ಒತ್ತೆ ಇಡಬೇಡಿ. ಅದು ಭಾರತ ಸರಕಾರದ ಸೊತ್ತು, ನಿಮ್ಮದೂ ಅಲ್ಲ, ರೂಮಿನವನದೂ ಅಲ್ಲ.

ಬೆಡ್‌ಸ್ಪೇಸ್ ಹುಡುಕುವವರಿಗೆ ಎರಡು ಮಾತು. ಅಗ್ಗ ಎಂದು ಕಣ್ಣುಮುಚ್ಚಿ ಹಣ ಕೊಡಬೇಡಿ. ದುಬೈಯಲ್ಲಿ ಬಾಡಿಗೆ ಕರಾರು ‘ಇಜಾರಿ’ಯಲ್ಲಿ ನೋಂದಣಿಯಾಗಬೇಕು. ಕಟ್ಟಡದ ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಬಾಡಿಗೆದಾರ ಇನ್ನೊಬ್ಬರಿಗೆ ಬಾಡಿಗೆ ಕೊಡುವಂತಿಲ್ಲ. ಆ ಕಾಗದ ತೋರಿಸಿ ಎಂದು ಕೇಳಿ. ಮೂರು ತಿಂಗಳ ಹಣ ಮುಂಗಡ ಕೇಳಿದರೆ ಬೇರೆ ಜಾಗ ನೋಡಿ. ಕೊಟ್ಟ ಪ್ರತಿ ದಿರ್ಹಮ್‌ಗೂ ರಸೀದಿ ಪಡೆಯಿರಿ. ಹಲಗೆ, ಜಿಪ್ಸಮ್ ಶೀಟ್ ನಿಲ್ಲಿಸಿ ಕಳ್ಳತನದಿಂದ ಮಾಡಿದ ಪಾರ್ಟಿಷನ್ ಬೆಂಕಿ ಬಿದ್ದರೆ ಸಾವಿನ ಬಲೆ. 2025ರ ಜೂನ್‌ನಲ್ಲಿ ರಿಗ್ಗಾ, ಮುರಖ್ಖಬಾತ್, ಸತ್ವಾ, ಬರ್ಶಾ ಮುಂತಾದ ಕಡೆ ನಗರಾಡಳಿತ ಇಂಥ ಪಾರ್ಟಿಷನ್‌ಗಳ ಮೇಲೆ ಕ್ರಮ ಕೈಗೊಂಡಾಗ ಎಷ್ಟೋ ಮಂದಿ ರಾತ್ರೋರಾತ್ರಿ ಹೊಸ ಜಾಗ ಹುಡುಕಬೇಕಾಯಿತು.

ರೂಮ್ ನಡೆಸುವ ಸಹೋದರನಿಗೆ

ಈ ಮಾತು ಕಹಿ ಅನಿಸಬಹುದು, ಆದರೂ ಹೇಳಲೇಬೇಕು. ಫ್ಲ್ಯಾಟ್ ಹಿಡಿದು ಮಂಚ ಬಾಡಿಗೆಗೆ ಕೊಡುವವರಲ್ಲಿ ನಮ್ಮವರೂ ಇದ್ದಾರೆ. ಕಾನೂನು ಒಪ್ಪಿದ ರೀತಿಯಲ್ಲಿ ನ್ಯಾಯವಾದ ಬಾಡಿಗೆ ಪಡೆದರೆ ಅದು ಹಲಾಲ್ ಸಂಪಾದನೆ. ಆದರೆ ಆರು ಜನರ ಜಾಗದಲ್ಲಿ ಹದಿನಾಲ್ಕು ಜನರನ್ನು ತುಂಬಿಸಿ, ಡೆಪಾಸಿಟ್ ನುಂಗಿ, ಎರಡು ದಿನ ತಡವಾದರೆ ಲಗೇಜ್ ಹೊರಗೆಸೆದು ಗಳಿಸಿದ ಹಣದಿಂದ ಮಾಡುವ ಇಫ್ತಾರ್‌ಗೆ ಏನು ಬೆಲೆ? ಹಾನಿ ಮಾಡಬಾರದು, ಹಾನಿಗೆ ಹಾನಿಯೂ ಸಲ್ಲದು ಎಂಬುದು ಪ್ರವಾದಿವರ್ಯರು(ಸ) ಕಲಿಸಿದ ನಿಯಮ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಅವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬುದು ಅಲ್ ಬಕರಾ ಅಧ್ಯಾಯದ 280ನೆಯ ಸೂಕ್ತದ ಬೋಧನೆ. ಕೊನೆಯ ಪಕ್ಷ ಈ ಒಂದು ತಿಂಗಳು ಯಾರನ್ನೂ ಬೀದಿಗೆ ಕಳುಹಿಸಬೇಡಿ. ಕಳುಹಿಸಲೇಬೇಕಾದರೆ ಮೊದಲು ನಮಗೊಂದು ಫೋನ್ ಮಾಡಿ.

ನೆಮ್ಮದಿಯಾಗಿ ಮಲಗುವ ನಮಗೆ

ಕೊಡುವ ಮನಸ್ಸಿದ್ದರೆ ಸರಿಯಾದ ದಾರಿಯಲ್ಲಿ ಕೊಡಿ. ಈ ದೇಶದಲ್ಲಿ ಪರವಾನಗಿ ಇಲ್ಲದೆ ಚಂದಾ ಎತ್ತುವುದು ಅಪರಾಧ. ಒಬ್ಬನ ಫೋಟೋ ಹಾಕಿ ವಾಟ್ಸ್‌ಆ್ಯಪ್‌ನಲ್ಲಿ ಹಣ ಕೇಳಿದರೆ ಅವನ ಮಾನವೂ ಹೋಗುತ್ತದೆ, ನೀವೂ ತೊಂದರೆಗೆ ಸಿಲುಕುತ್ತೀರಿ. ಬದಲಿಗೆ ನಿಮ್ಮ ಝಕಾತ್‌ನಿಂದ, ಸದಕಾದಿಂದ ಒಬ್ಬ ಪರಿಚಿತ ಅರ್ಹನ ಒಂದು ತಿಂಗಳ ಬಾಡಿಗೆಗೆ ಬೇಕಾದ ಹಣವನ್ನು ಅವನ ಕೈಗೇ ಕೊಡಿ. ಅಥವಾ ಪರವಾನಗಿ ಪಡೆದ ದತ್ತಿ ಸಂಸ್ಥೆಗೆ ಅವನನ್ನು ಕರೆದುಕೊಂಡು ಹೋಗಿ. ರೂಮಿನಲ್ಲಿ ಮಂಚ ಖಾಲಿ ಇದ್ದರೆ, ಮಾಲೀಕನ ಒಪ್ಪಿಗೆ ಪಡೆದು ವೀಸಾ ಇರುವವನಿಗೆ ಕೊಡಿ. ವೀಸಾ ಮುಗಿದವನನ್ನು ಅಡಗಿಸಿಡುವುದು ಕಾನೂನಿನ ದೃಷ್ಟಿಯಲ್ಲಿ ತಪ್ಪು, ಅವನಿಗೂ ಅದರಿಂದ ಒಳಿತಿಲ್ಲ. ಅವನ ಕೈ ಹಿಡಿದು ಕಾನ್ಸುಲೇಟ್‌ಗೆ ಕರೆದೊಯ್ಯುವುದೇ ನಿಜವಾದ ಆಶ್ರಯ. ಒಂದು ದಿನದ ರಜೆ, ಒಂದು ಟ್ಯಾಕ್ಸಿ ಬಾಡಿಗೆ, ಕೌಂಟರ್ ಮುಂದೆ ಅವನ ಪರವಾಗಿ ನಾಲ್ಕು ಮಾತು. ಇದೂ ಸದಕಾ.

ಊರಿನ ಮಸೀದಿಯ ಮಿನಾರಕ್ಕೆ ನಾವು ಧಾರಾಳವಾಗಿ ಕೊಡುತ್ತೇವೆ. ಅಲ್ಲಾಹನು ಸ್ವೀಕರಿಸಲಿ. ಆದರೆ ಆ ಮಸೀದಿಯ ಸಫ್‌ನಿಂದಲೇ ಹೊರಟು ಬಂದ ಹುಡುಗ ಇಲ್ಲಿ ಮೆಟ್ಟಿಲ ಕೆಳಗೆ ಮಲಗದಂತೆ ನೋಡಿಕೊಳ್ಳುವುದೂ ನಮ್ಮ ಹೊಣೆ.

ಸಹೋದರರೇ, ಇವತ್ತು ತರಾವೀಹ್ ಮುಗಿಸಿ ಸಲಾಮ್ ಹೇಳಿದ ಮೇಲೆ ತಕ್ಷಣ ಚಪ್ಪಲಿ ಹುಡುಕಬೇಡಿ. ಒಮ್ಮೆ ಹಿಂದಿನ ಸಫ್ ಕಡೆ ತಿರುಗಿ ನೋಡಿ. ಬ್ಯಾಗ್ ಹಿಡಿದು ಕೂತವನು ಯಾರಾದರೂ ಇದ್ದಾನೆಯೇ?

ಯಾ ಅಲ್ಲಾಹ್, ಸೂರಿಲ್ಲದ ನಮ್ಮ ಸಹೋದರರಿಗೆ ಸೂರನ್ನು ಕೊಡು. ಸೂರು ಇರುವ ನಮಗೆ ಕಣ್ಣು ಕೊಡು, ಕೇಳುವ ನಾಲಗೆ ಕೊಡು. ನಮ್ಮ ದುಡಿಮೆಯಲ್ಲಿ ಬರಕತ್ ಕೊಡು. ನಮಗಾಗಿ ಕಾಯುತ್ತಿರುವ ನಮ್ಮ ಮನೆಗಳಿಗೆ ನಮ್ಮನ್ನು ಕ್ಷೇಮವಾಗಿ ತಲುಪಿಸು. ನಮ್ಮ ಉಪವಾಸಗಳನ್ನು ಸ್ವೀಕರಿಸು, ಎಂದೂ ಯಾರೂ ಹೊರಹಾಕದ ಜನ್ನತ್‌ನ ಮನೆಯಲ್ಲಿ ನಮ್ಮೆಲ್ಲರನ್ನೂ ಒಟ್ಟುಗೂಡಿಸು. ಆಮೀನ್.